ಎಮಿಲಿ ಉಳಿಸಿದ ಹನ್ನೊಂದನೆಯವನು

ನಮ್ಮ ಸ್ಕೆಲ್ವಿಕ್ಕಿನಲ್ಲಿ ಒಂದು ಪ್ರಾಣಿಯ ಹೆಸರು ಹೇಳುವಂತಿಲ್ಲ. ಕೆಸರಿನಲ್ಲಿ ಹೊರಳುತ್ತದೆ, ಗುರುಗುಟ್ಟುತ್ತದೆ, ಬಾಲ ಸುರುಳಿ ಸುತ್ತಿಕೊಂಡಿರುತ್ತದೆ. ಇಷ್ಟು ಹೇಳಿದರೆ ಸಾಕು, ನಿಮಗೆ ಗೊತ್ತಾಗಿರುತ್ತದೆ. ಯಾರಾದರೂ ಅದರ ಹೆಸರೆತ್ತಿದರೆ ಸಮುದ್ರಕ್ಕೆ ಕೇಳಿಸುತ್ತದೆ, ಕೇಳಿಸಿಕೊಂಡ ಸಮುದ್ರ ಊರಿನವರಲ್ಲಿ ಒಬ್ಬನನ್ನು ಕರೆಸಿಕೊಳ್ಳುತ್ತದೆ ಎಂದು ನಮ್ಮ ಮೀನುಗಾರರ ನಂಬಿಕೆ. ಬಾಯಿತಪ್ಪಿ ಬಂದರೆ ಆ ಕ್ಷಣವೇ ಕಬ್ಬಿಣ ಮುಟ್ಟಬೇಕು. ತಿನ್ನುವುದಕ್ಕೇನೂ ಅಡ್ಡಿಯಿಲ್ಲ. ಮಾಂಸದಂಗಡಿಯಲ್ಲಿ ಬೆರಳು ತೋರಿಸಿ, "ಅವನದು ಆರು ತುಂಡು" ಎಂದು ಕೊಂಡು ತಂದು, ಬೆಳಿಗ್ಗೆ ಮೊಟ್ಟೆಯ ಜೊತೆ ಹುರಿದು ತಿನ್ನುತ್ತೇವೆ. ಹೆಸರು ಮಾತ್ರ ಕೂಡದು. ನಾವು 'ಮೂತಿಯವನು' ಅನ್ನುತ್ತೇವೆ. ಇಲ್ಲಿಯೂ ಆ ಹೆಸರು ಬರಲೇಬೇಕಾದ ಜಾಗ ಬರುವವರೆಗೆ ನಾನು ಹಾಗೆಯೇ ಅನ್ನುತ್ತೇನೆ. ಅರವತ್ತನಾಲ್ಕು ವರ್ಷದ ಅಭ್ಯಾಸ, ಬರೆಯಲು ಕೂತರೂ ಕೈ ಓಡುವುದಿಲ್ಲ.

ನಾನು ಡಾರ್ಕಸ್ ಹ್ಯಾಕ್ಸ್‌ಬಿ. ನನ್ನ ಗಂಡ ಮ್ಯಾಟ್ ಅರವತ್ತೊಂದನೆಯ ಇಸವಿಯಲ್ಲಿ, ಮದುವೆಯಾಗಿ ಮೂರು ವರ್ಷಕ್ಕೆ, ಏಡಿಯ ಬುಟ್ಟಿ ಎತ್ತಲು ಸಮುದ್ರಕ್ಕೆ ಹೋದವನು ವಾಪಸು ಬರಲಿಲ್ಲ. ಮಕ್ಕಳಿಲ್ಲ. ಬೆಕ್ಕು ಸಾಕೋಣವೆಂದರೆ ನನ್ನ ಬಾಯಿಗೆ ಹೆದರಿ ಎರಡು ಬೆಕ್ಕು ಪಕ್ಕದ ಮನೆ ಸೇರಿಕೊಂಡವು. ಹೀಗಾಗಿ ನಾನೊಂದು ದೋಣಿ ಸಾಕಿಕೊಂಡೆ.

ಅವಳ ಹೆಸರು ಎಮಿಲಿ ಗಾರ್ಸೈಡ್. ಮೂವತ್ತೈದೂವರೆ ಅಡಿ ಉದ್ದ, ಎರಡು ಪದರ ಮಹಾಗನಿ ಹಲಗೆ, ಹಿಂದೆ ಮುಂದೆ ಎರಡೂ ಕಡೆ ಚೂಪು. ಹಡಗು ಒಡೆದಾಗ ಹೋಗಿ ಜನರನ್ನು ಎತ್ತಿಕೊಂಡು ಬರುವ ಜೀವರಕ್ಷಕ ದೋಣಿ. ಒಳನಾಡಿನ ಯಾವುದೋ ಉಣ್ಣೆ ಗಿರಣಿಯ ಒಡತಿ ಸಾಯುವಾಗ ದುಡ್ಡು ಬರೆದಿಟ್ಟಿದ್ದರಿಂದ ಅವಳ ಹೆಸರೇ ಇದಕ್ಕೂ ಬಂತು. ಆಕೆ ಸಮುದ್ರವನ್ನು ಕಣ್ಣಲ್ಲೂ ಕಂಡಿರಲಿಲ್ಲವಂತೆ. ಒಳ್ಳೆಯದೇ ಆಯಿತು, ಕಂಡಿದ್ದರೆ ಆ ದುಡ್ಡನ್ನು ಬೇರೆ ಯಾವುದಕ್ಕಾದರೂ ಬರೆಯುತ್ತಿದ್ದಳು. ಐವತ್ತೆರಡರಿಂದ ಎಂಬತ್ತೈದರವರೆಗೆ ಎಮಿಲಿ ನೂರಾ ಹದಿನೆಂಟು ಸಲ ನೀರಿಗಿಳಿದಳು. ಪ್ರತಿಸಲವೂ ಹಗ್ಗ ಹಿಡಿದು ಮರಳಿನ ಮೇಲೆ ಎಳೆದವರು ನಾವು ಹೆಂಗಸರು. ಗಂಡಸರು ಒಳಗೆ ಕೂತು ಬರುತ್ತಿದ್ದರು, ದಿಬ್ಬಣದ ಮದುಮಕ್ಕಳ ಹಾಗೆ.

ಆಮೇಲೆ ಹೊಸ ದೋಣಿ ಬಂತು, ಕಿತ್ತಳೆ ಬಣ್ಣದ್ದು, ಗಾಳಿ ತುಂಬಿದ್ದು. ಎಮಿಲಿಯನ್ನು ಯಾರಿಗೋ ಮಾರಿದರು. ಹನ್ನೊಂದು ವರ್ಷದ ಹಿಂದೆ ನಾನು ಹುಡುಕಿಕೊಂಡು ಹೋದಾಗ ಅವಳು ಒಂದು ತೋಟದ ಮೂಲೆಯಲ್ಲಿದ್ದಳು, ಹೊಟ್ಟೆಯ ತುಂಬ ಕೋಳಿಗಳು. ಲಾರಿಯ ಮೇಲೆ ಊರಿಗೆ ತಂದು, ಬಂದರಿನ ಹಳೆಯ ಮೀನುಶೆಡ್ಡಿನಲ್ಲಿಟ್ಟು, ಕೋಳಿಹಿಕ್ಕೆಯಿಂದ ಶುರುಮಾಡಿ ಒಂದೊಂದೇ ಹಲಗೆ ಕೆರೆದೆ, ಅಗಸೆ ಎಣ್ಣೆ ಕುಡಿಸಿದೆ, ಸಂದಿಗಳಿಗೆ ನೂಲು ತುರುಕಿ ಬಡಿದೆ. ನನ್ನ ಭಾವ ರೂಬೆನ್ ದಿನಾ ಬಂದು, ಮೀನಿನ ಪೆಟ್ಟಿಗೆ ಬೋರಲು ಹಾಕಿ ಕೂತು, ನಾನು ಬಳಿದ ಬಣ್ಣದಲ್ಲಿ ತಪ್ಪು ಹುಡುಕುತ್ತಿದ್ದ.

ಈ ರೂಬೆನ್ ಮ್ಯಾಟ್‌ನ ಅಣ್ಣ. ಎಪ್ಪತ್ತೆಂಟು ವರ್ಷ. ಎಮಿಲಿಯ ತಾಂಡೇಲನಾಗಿ ಇಪ್ಪತ್ತೆರಡು ವರ್ಷ ಚುಕ್ಕಾಣಿ ಹಿಡಿದವನು. ನನ್ನ ಮನೆಯಿಂದ ಅವನ ಮನೆಗೆ ಮೂರೇ ಬಾಗಿಲು. ಆದರೆ ಮ್ಯಾಟ್ ಹೋದಮೇಲೆ ಅವನು ನನ್ನ ಹೊಸ್ತಿಲು ತುಳಿದಿರಲಿಲ್ಲ. ಮೀನು ಸಿಕ್ಕರೆ ಕಾಗದದಲ್ಲಿ ಸುತ್ತಿ ಮೆಟ್ಟಿಲ ಮೇಲಿಟ್ಟು ಹೋಗುತ್ತಿದ್ದ. ನಾನು ಅವನ ಹರಿದ ಸ್ವೆಟರು ಹೆಣೆದು ಅವನ ಕಾಂಪೌಂಡಿನ ಮೇಲೆ ಎಸೆದು ಬರುತ್ತಿದ್ದೆ. ಶೆಡ್ಡಿನಲ್ಲಿ ಜಗಳವಾಡುವುದಕ್ಕೆ ಅಡ್ಡಿಯಿಲ್ಲ, ಮನೆಗೆ ಬಂದು ಒಂದು ಲೋಟ ಚಹಾ ಕುಡಿಯುವುದಕ್ಕೆ ಆಗುವುದಿಲ್ಲ. ನನ್ನನ್ನು ಕಂಡರೆ ಅವನಿಗೆ ಆಗುವುದಿಲ್ಲ, ತಮ್ಮನನ್ನು ಕಟ್ಟಿಕೊಂಡ ನನ್ನ ಕಾಲ್ಗುಣ ಸರಿಯಿಲ್ಲ ಅಂದುಕೊಂಡಿದ್ದಾನೆ ಎಂದು ನಾನು ಎಂದೋ ತೀರ್ಮಾನಿಸಿಬಿಟ್ಟಿದ್ದೆ.

ಕಳೆದ ವರ್ಷ ಬಂದರಿನ ಕಚೇರಿಯವರಿಗೆ ಇದ್ದಕ್ಕಿದ್ದಂತೆ ಆ ಶೆಡ್ಡಿನ ನೆನಪಾಯಿತು. ಅದನ್ನು ಕೆಡವಿ ಕಾರು ನಿಲ್ಲಿಸಲು ಜಾಗ ಮಾಡುತ್ತಾರಂತೆ. ಎಮಿಲಿಯ ಹೆಸರು ದೇಶದ ಹಳೆಯ ದೋಣಿಗಳ ಪಟ್ಟಿಗೆ ಸೇರಿದರೆ ಅವಳಿಗೆ ಹಳೆಯ ದೋಣಿಮನೆ ಬಿಟ್ಟುಕೊಡುತ್ತೇವೆ, ಸೇರದಿದ್ದರೆ ತಿಂಗಳ ಕೊನೆಯ ಸೋಮವಾರ ಬೆಳಿಗ್ಗೆ ಎಂಟಕ್ಕೆ ಗರಗಸದವನು ಬರುತ್ತಾನೆ ಎಂದು ಕಾಗದ ಕಳಿಸಿದರು. ಆ ಕಾಗದ ಓದಿ ಎರಡು ದಿನ ನನಗೆ ಅನ್ನ ನೀರು ಸೇರಲಿಲ್ಲ. ಇನ್ನೊಂದು ಸಲ ನನ್ನದೆನ್ನುವುದನ್ನು ಕಳೆದುಕೊಳ್ಳುವ ಶಕ್ತಿ ನನ್ನಲ್ಲಿರಲಿಲ್ಲ.

ಪಟ್ಟಿಯವರಿಗೆ ಅರ್ಜಿ ಹಾಕಿದೆ. ಅವರ ಕಡೆಯಿಂದ, ಆ ಸೋಮವಾರಕ್ಕೆ ಮುಂಚಿನ ಗುರುವಾರ, ಮಿಸ್ ಪೆನ್‌ರೋಸ್ ಎಂಬ ಹೆಣ್ಣುಮಗಳು ಬಂದಳು. ಮೂವತ್ತರ ಆಸುಪಾಸು, ತೆಳ್ಳಗೆ, ಕೈಯಲ್ಲಿ ಟೇಪು, ಬಗಲಲ್ಲಿ ಕಡತ. ಎಮಿಲಿಯ ಹೊಟ್ಟೆಯ ಕೆಳಗೆ ಅಂಗಾತ ಮಲಗಿ, ಹಲಗೆ ಬಡಿದು ಬಡಿದು ನೋಡಿ, ಇಷ್ಟು ಗಟ್ಟಿಯಾಗಿರುವ ಮರ ತಾನು ನೋಡಿಯೇ ಇಲ್ಲ ಅಂದಳು. ನಾನು ರೂಬೆನ್ ಕಡೆ ನೋಡಿದೆ. ಅವನು ಬಣ್ಣ ಮಾತ್ರ ಮಂದವಾಯಿತು ಅಂದ.

ತೊಂದರೆ ಬಂದದ್ದು ಮರದಿಂದಲ್ಲ, ಲೆಕ್ಕದಿಂದ. ಎಮಿಲಿ ಎಂದು ಯಾವ ಹಡಗಿಗೆ ಹೋದಳು, ಎಷ್ಟು ಜೀವ ಉಳಿಸಿದಳು ಎಂದು ದೋಣಿಮನೆಯ ಗೋಡೆಯ ಹಲಗೆಯ ಮೇಲೆ ಬಂಗಾರದ ಬಣ್ಣದಲ್ಲಿ ಬರೆದಿದೆ. ಒಟ್ಟು ಅರವತ್ಮೂರು. ಅದರಲ್ಲಿ ಅರವತ್ತೊಂದನೆಯ ಇಸವಿ ಫೆಬ್ರವರಿಯ ಸಾಲು: ಡೆನ್ಮಾರ್ಕಿನ ಇಂಗೆಬೋರ್ ಹಡಗು, ಉಳಿಸಿದ್ದು ಹನ್ನೊಂದು. ಮಿಸ್ ಪೆನ್‌ರೋಸ್ ಬಳಿಯಿದ್ದ ಡೆನ್ಮಾರ್ಕಿನ ಕಾಗದದಲ್ಲಿ ಇಂಗೆಬೋರ್‌ನಲ್ಲಿದ್ದದ್ದು ಹತ್ತೇ ಜನ, ಹತ್ತೂ ಜನ ಬದುಕಿದರು ಎಂದಿತ್ತು. ಹಾಗಾದರೆ ಹನ್ನೊಂದನೆಯವನು ಯಾರು ಎಂದು ಅವಳು ಕೇಳಿದಳು. ಒಂದು ಲೆಕ್ಕ ಸುಳ್ಳಾದರೆ ಇಡೀ ಚರಿತ್ರೆಯ ಮೇಲೆ ಅನುಮಾನ, ಆಗ ತಾನು ಸಹಿ ಹಾಕಲಾರೆ ಎಂದಳು. ಆ ದಿನ ದೋಣಿಯಲ್ಲಿದ್ದ ಯಾರಾದರೂ ತಮ್ಮ ಕೈಯಾರೆ ಬರೆದುಕೊಟ್ಟರೆ ಒಪ್ಪಿಕೊಳ್ಳುತ್ತಾಳಂತೆ. ಆ ದಿನ ಎಮಿಲಿಯನ್ನು ನಡೆಸಿದ ಎಂಟು ಜನರಲ್ಲಿ ಉಳಿದಿರುವವನು ರೂಬೆನ್ ಒಬ್ಬನೇ.

ನನಗೂ ರೂಬೆನ್‌ಗೂ, ಊರಿನ ಮುದುಕರಿಗೆಲ್ಲರಿಗೂ, ಹನ್ನೊಂದನೆಯವನು ಯಾರೆಂದು ಚೆನ್ನಾಗಿ ಗೊತ್ತು. ಇಂಗೆಬೋರ್‌ನ ಅಡುಗೆಯವನು ಒಬ್ಬ ಮೂತಿಯವನನ್ನು ಮುದ್ದಿನಿಂದ ಸಾಕಿದ್ದ. ಅದನ್ನು ಬಿಟ್ಟು ಬರಲಾರೆ ಎಂದು ಹಠ ಹಿಡಿದ. ಕೊನೆಗೆ ಆ ಎಂಟರಲ್ಲಿ ಒಬ್ಬನಾಗಿದ್ದ ಮ್ಯಾಟ್ ಅದಕ್ಕೆ ಮೇಣಬಟ್ಟೆಯ ಕೋಟು ತೊಡಿಸಿ, ತಲೆಗೆ ಮಳೆಟೋಪಿ ಕಟ್ಟಿ, ಜನರ ನಡುವೆ ಕೂರಿಸಿದ. ನಮ್ಮ ತಾಂಡೇಲರದೊಂದು ಪದ್ಧತಿಯಿದೆ: ದಡದ ಕಡೆ ತಿರುಗಿಸುವ ಮೊದಲು ಉಳಿದವರ ತಲೆ ಮುಟ್ಟಿ ಗಟ್ಟಿಯಾಗಿ ಎಣಿಸಬೇಕು. ಎಣಿಸಿದ್ದು ಎಣಿಸಿದ್ದೇ, ಎರಡನೇ ಸಲ ಎಣಿಸಿದರೆ ಒಬ್ಬ ಕಮ್ಮಿಯಾಗುತ್ತಾನೆ. ಅಲೆಯ ತುಂತುರಿನಲ್ಲಿ ಯಾರ ಮುಖವೂ ಕಾಣದೆ ರೂಬೆನ್ ಟೋಪಿ ಮುಟ್ಟಿ ಹನ್ನೊಂದು ಅಂದ. ಹನ್ನೊಂದು ಗುರ್ ಅಂದಿತು.

ದಡದಲ್ಲಿ ವರದಿ ಬರೆಯುತ್ತಿದ್ದವರು ಶಾಲೆಯ ಮೇಷ್ಟ್ರು. ಹತ್ತು ಹೆಸರು ಬರೆದು, ಹನ್ನೊಂದನೆಯವನ ಹೆಸರೇನು ಎಂದು ಕೇಳಿದರು. ಎಂಟೂ ಜನ ತಮ್ಮ ಬೂಟು ನೋಡಿಕೊಂಡರು. ಕೊನೆಗೆ ಒಬ್ಬ, ಅವನು ಹೆಸರು ಹೇಳಲಿಲ್ಲ ಸಾರ್ ಎಂದ. ಮೇಷ್ಟ್ರೇನು ಕುರುಡರಲ್ಲ. ಅವನು ಮೂರು ಮಾರು ದೂರದಲ್ಲಿ ಟೋಪಿ ಹಾಕಿಕೊಂಡೇ ಪಾಚಿ ತಿನ್ನುತ್ತಿದ್ದ. ಆದರೆ ಮೇಷ್ಟ್ರೂ ಸ್ಕೆಲ್ವಿಕ್ಕಿನವರೇ. "ಒಬ್ಬ, ಗಿಡ್ಡ, ದಪ್ಪ, ಹೆಸರು ಹೇಳಲಿಲ್ಲ" ಎಂದು ಬರೆದು ಮುಚ್ಚಿದರು. ಹಗ್ಗ ಹಿಡಿದು ನಿಂತಿದ್ದ ನಾವು ಹೆಂಗಸರು ನಗು ತಡೆಯಲಾರದೆ ಏಪ್ರನ್ನು ಬಾಯಿಗೆ ತುರುಕಿಕೊಂಡೆವು.

ಈಗ ನಲವತ್ತು ವರ್ಷದ ಮೇಲೆ ಆ ನಗು ಕೊರಳಿಗೆ ಬಂತು. ಬರೆದುಕೊಡು ಅಂದರೆ ರೂಬೆನ್ ಒಪ್ಪಲಿಲ್ಲ. ಜೇಬಿನಲ್ಲಿಟ್ಟಿದ್ದ ಕಬ್ಬಿಣದ ಮೊಳೆ ಸವರುತ್ತ, ತಾನು ಆ ಮಾತು ಬಾಯಲ್ಲೂ ಆಡುವುದಿಲ್ಲ, ಕೈಯಲ್ಲೂ ಬರೆಯುವುದಿಲ್ಲ ಅಂದ. ನಾನಾದರೂ ಮಿಸ್ ಪೆನ್‌ರೋಸ್‌ಗೆ ಹೇಳಬಹುದಿತ್ತು. ಬಾಯಿ ಬರಲಿಲ್ಲ. ಗಂಡನನ್ನು ಸಮುದ್ರಕ್ಕೆ ಕೊಟ್ಟವಳಿಗೆ ಅಂಥ ವಿಷಯದಲ್ಲಿ ಧೈರ್ಯ ಸಾಲುವುದಿಲ್ಲ.

ಬೇರೆ ದಾರಿ ನೋಡಿದೆವು. ಅಂದು ಮಧ್ಯಾಹ್ನ ನಾನು ಮೂತಿಯವನ ನಾಲ್ಕು ತುಂಡು ಹುರಿದು, ಬ್ರೆಡ್ಡಿನ ನಡುವೆ ಇಟ್ಟು ತಂದು, ಹನ್ನೊಂದನೆಯವನು ಎನ್ನುತ್ತ ತಟ್ಟೆಯನ್ನು ಅವಳ ಮುಂದೆ ಹಿಡಿದು ಕಣ್ಣು ಮಿಟುಕಿಸಿದೆ. ಅವಳು, ಕ್ಷಮಿಸಿ, ತಾನು ಮಾಂಸ ತಿನ್ನುವುದಿಲ್ಲ ಅಂದಳು. ರೂಬೆನ್ ಗುರುಗುಟ್ಟಿ ತೋರಿಸಿದ. ಅವಳು ಚೀಲದಿಂದ ಕೆಮ್ಮಿನ ಮಾತ್ರೆ ತೆಗೆದುಕೊಟ್ಟಳು. ಚಿತ್ರ ಬರೆಯುವುದಕ್ಕೆ ದೋಷವಿಲ್ಲ ಎಂದು ತೀರ್ಮಾನಿಸಿ ರೂಬೆನ್ ಅರ್ಧ ಗಂಟೆ ಕೂತು ಒಂದು ಚಿತ್ರ ಬರೆದ. ಅದು ನೋಡುವುದಕ್ಕೆ ನಮ್ಮ ಚರ್ಚಿನ ಹಿಂದಿನ ಪಾದ್ರಿಯ ಹಾಗಿತ್ತು. ಮಿಸ್ ಪೆನ್‌ರೋಸ್ ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಅವಳ ಕಣ್ಣಲ್ಲಿ ನೀರು ಬಂತು.

ಗಿಡ್ಡ, ದಪ್ಪ, ಹೆಸರು ಹೇಳದವನು, ಹಡಗಿನ ಪಟ್ಟಿಯಲ್ಲೂ ಇಲ್ಲದವನು. ಯಾವುದೋ ದೇಶದಿಂದ ತಪ್ಪಿಸಿಕೊಂಡು, ಹಡಗಿನಲ್ಲಿ ಕದ್ದು ಕೂತು ಬಂದ ಬಡಪಾಯಿ ಇರಬೇಕು ಎಂದು ಅವಳು ಊಹಿಸಿಬಿಟ್ಟಿದ್ದಳು. ಊರಿನವರೆಲ್ಲ ಸೇರಿ ಅವನನ್ನು ಪೊಲೀಸರಿಂದ ಮುಚ್ಚಿಟ್ಟಿದ್ದಾರೆ, ಎಂಥ ದೊಡ್ಡ ಮನಸ್ಸು ಎಂದು ನನ್ನ ಕೈ ಹಿಡಿದುಕೊಂಡಳು. ಅವನ ಮಕ್ಕಳು ಮೊಮ್ಮಕ್ಕಳು ಎಲ್ಲೋ ಇರಬಹುದು, ಹುಡುಕಿಸುತ್ತೇನೆ ಎಂದಳು. ಇದ್ದರೆ ಯಾರದೋ ತಟ್ಟೆಯಲ್ಲಿರುತ್ತಾರೆ ಎಂದು ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡೆ. ಹುಡುಕಿಸಲು ಎಷ್ಟು ದಿನ ಬೇಕು ಎಂದು ಕೇಳಿದರೆ, ಮೂರು ತಿಂಗಳು, ಅಲ್ಲಿಯವರೆಗೆ ಕಡತ ತೆರೆದೇ ಇರುತ್ತದೆ ಅಂದಳು. ನಮಗಿದ್ದದ್ದು ಮೂರು ದಿನ.

ಶುಕ್ರವಾರ ನಾಲ್ಕು ಗಂಟೆಯ ಬಸ್ಸಿಗೆ ಅವಳು ಹೊರಡುವವಳಿದ್ದಳು. ಮೂರು ಗಂಟೆಗೆ ಶೆಡ್ಡಿಗೆ ಹೋದೆ. ಅವಳು ಕೊನೆಯ ಅಳತೆಗೆ ಎಮಿಲಿಯ ಕೆಳಗೆ ತೂರಿಕೊಂಡಿದ್ದಳು, ಬೂಟು ಮಾತ್ರ ಕಾಣುತ್ತಿತ್ತು. ರೂಬೆನ್ ತನ್ನ ಪೆಟ್ಟಿಗೆಯ ಮೇಲೆ ಕೂತು, ದೋಣಿಯ ಬದಿಯ ಮರದ ಪಟ್ಟಿ ಸೊಟ್ಟಗಿದೆ ಎಂದು ಶುರುಮಾಡಿದ. ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು.

"ಸೋಮವಾರ ಬಾ, ಗರಗಸದವನು ಎಲ್ಲಾ ನೇರ ಮಾಡ್ಕೊಡ್ತಾನೆ" ಅಂದೆ. "ಒಂದು ಮಾತು, ರೂಬೆನ್. ಒಂದೇ ಒಂದು ಮಾತಿಗೆ ಹೆದರಿ ಇವಳನ್ನ ಕಟ್ಟಿಗೆ ಮಾಡಿಸ್ತಿದೀಯ. ನಿನ್ನಂಥ ಹೇಡಿನ ನಾನು ಕಂಡಿಲ್ಲ."

ಎಪ್ಪತ್ತು ಸಲ ಬಿರುಗಾಳಿಯೊಳಗೆ ಹೋಗಿಬಂದ ಮನುಷ್ಯನಿಗೆ ಆಡಬಾರದ ಮಾತು ಅದು. ಅವನು ಜಗಳಕ್ಕೆ ಏಳುತ್ತಾನೆ ಅಂದುಕೊಂಡೆ. ಏಳಲಿಲ್ಲ. ಎಮಿಲಿಯ ಹಲಗೆಯ ಮೇಲೆ ಕೈಯಿಟ್ಟು, ನನ್ನ ಮುಖ ನೋಡದೆ ಹೇಳಿದ.

"ಒಂದ್ಸಲ ಆಡಿದೀನಿ, ಹುಡ್ಗಿ. ಅದಕ್ಕೇ ನಿನ್ ಗಂಡ ಹೋದ."

ಆಮೇಲೆ ನಿಧಾನವಾಗಿ ಎಲ್ಲವನ್ನೂ ಹೇಳಿದ. ಇಂಗೆಬೋರ್ ಬಂಡೆಯ ಮೇಲೆ ಮುರಿಯುತ್ತಿತ್ತು. ಮೂತಿಯವನನ್ನು ಬಿಟ್ಟು ಬಾ ಎಂದು ರೂಬೆನ್ ಅಡುಗೆಯವನಿಗೆ ಕೂಗಿದ. ಅವನು ಬರಲಿಲ್ಲ. ಅಷ್ಟರಲ್ಲಿ ಮ್ಯಾಟ್, ಹೇಳದೆ ಕೇಳದೆ, ಎಮಿಲಿಯಿಂದ ಆ ಒಡೆದ ಹಡಗಿನ ಮೇಲೆ ಹಾರಿದ. ಹಿಂದೆಯೇ ಎರಡು ಅಲೆ ಬಂದು ಹಡಗನ್ನು ಮುಚ್ಚಿದವು. ತಮ್ಮ ಕಾಣಲಿಲ್ಲ. ಚುಕ್ಕಾಣಿ ಬಿಟ್ಟರೆ ದೋಣಿಯಲ್ಲಿದ್ದವರೆಲ್ಲ ಸಾಯುತ್ತಾರೆ, ಬಿಡದಿದ್ದರೆ ತಮ್ಮನನ್ನು ಹುಡುಕುವಂತಿಲ್ಲ. ಅಲೆ ಇಳಿದಾಗ ಮ್ಯಾಟ್ ಒಂದು ಕೈಯಲ್ಲಿ ಅಡುಗೆಯವನನ್ನೂ ಇನ್ನೊಂದು ಕೈಯಲ್ಲಿ ಅದನ್ನೂ ಹಿಡಿದು ನಗುತ್ತ ನಿಂತಿದ್ದನಂತೆ. ಮ್ಯಾಟ್ ಮನೆಯಲ್ಲಿ ನನಗೆ ಇದರಲ್ಲಿ ಒಂದಕ್ಷರವೂ ಹೇಳಿರಲಿಲ್ಲ. ಟೋಪಿ ಕಟ್ಟಿದ ಕಥೆ ಮಾತ್ರ ಹೇಳಿ ನಗಿಸಿದ್ದ.

ಒಂಬತ್ತು ದಿನ ರೂಬೆನ್ ಸಿಟ್ಟು ನುಂಗಿಕೊಂಡ. ಒಂಬತ್ತನೆಯ ದಿನ ಸಂಜೆ ದೋಣಿಮನೆಯಲ್ಲಿ ಬಿಯರು ಕುಡಿಯುತ್ತ ಮ್ಯಾಟ್ ಮತ್ತೆ ಟೋಪಿಯ ಕಥೆ ತೆಗೆದ, ಎಲ್ಲರೂ ನಕ್ಕರು. ಆಗ ರೂಬೆನ್‌ಗೆ ತಡೆಯಲಾಗಲಿಲ್ಲ. ಇಂಥದ್ದಕ್ಕೋಸ್ಕರ ಸಾಯಲು ಹೋಗಿದ್ದೆಯಲ್ಲ, ನಿನ್ನ ಬುದ್ಧಿ ಅದಕ್ಕಿಂತ ಕಡೆ ಎಂದು ಎಲ್ಲರ ಎದುರಿಗೆ ಆ ಹೆಸರು ಹಿಡಿದೇ ಬೈದ. ಎಲ್ಲರ ಕೈಯೂ ಕಬ್ಬಿಣಕ್ಕೆ ಹೋಯಿತು. ರೂಬೆನ್ ಮಾತ್ರ ಹಟದಿಂದ ಮುಟ್ಟಲಿಲ್ಲ. ಮಾರನೆಯ ಬೆಳಿಗ್ಗೆ ಮ್ಯಾಟ್ ಏಡಿಬುಟ್ಟಿ ಎತ್ತಲು ಹೋದ.

"ನಾನು ಅವನಿಗೆ ಆಡಿದ ಕೊನೇ ಮಾತು ಅದು" ಎಂದ ರೂಬೆನ್. "ಮನೆಗೆ ಬಂದ್ರೆ ನೀನು ಕೇಳ್ತೀಯ, ಕೊನೇ ಸಲ ಏನಂದೆ ಅವನಿಗೆ ಅಂತ. ಅದಕ್ಕೇ ಬರ್ಲಿಲ್ಲ."

ನನಗೆ ಮೊದಲು ಬಂದದ್ದು ಅಳುವಲ್ಲ, ಸಿಟ್ಟು. ನಲವತ್ತು ಕ್ರಿಸ್ಮಸ್ಸು ನಾನೊಬ್ಬಳೇ ಕೂತು ಉಂಡಿದ್ದೆ. ಮೂರು ಬಾಗಿಲಾಚೆ ಇವನೊಬ್ಬನೇ ಕೂತು ಉಂಡಿದ್ದ. ಮ್ಯಾಟ್‌ನನ್ನು ನನ್ನಷ್ಟೇ ಪ್ರೀತಿಸಿದ್ದ ಇನ್ನೊಂದು ಜೀವ ಭೂಮಿಯ ಮೇಲೆ ಇದೊಂದೇ ಇತ್ತು, ಅದರ ಜೊತೆ ಅವನ ಹೆಸರು ಹೇಳಿಕೊಂಡು ಒಂದು ದಿನ ಅತ್ತಿರಲಿಲ್ಲ. ಎಲ್ಲ ಒಂದು ಪ್ರಾಣಿಯ ಹೆಸರಿನ ದೆಸೆಯಿಂದ.

"ಆ ವಾರಪೂರ್ತಿ ಅವನ ಇಂಜಿನ್ನು ಕೆಮ್ತಾ ಇತ್ತು" ಎಂದೆ. "ರಿಪೇರಿ ಮಾಡಿಸು ಅಂತ ನಾನು ಬಡ್ಕೊಂಡೆ, ಅವನು ಕೇಳ್ಲಿಲ್ಲ. ಆವತ್ತು ಬಡಗಣ ಗಾಳಿಗೆ ಬೇರೆ ಊರಿನ ಎರಡು ದೋಣಿನೂ ಮುಳುಗಿದ್ವು. ಅಲ್ಲೂ ನೀನೇ ಹೋಗಿ ಬೈದು ಬಂದಿದ್ಯಾ? ಸಮುದ್ರಕ್ಕೆ ಕಿವಿ ಇಲ್ಲ, ರೂಬೆನ್."

ಅವನು ತಲೆಯಾಡಿಸಿದ. ನಂಬಲಿಲ್ಲವೆಂದು ಗೊತ್ತಾಯಿತು. ನಿಜ ಹೇಳಬೇಕೆಂದರೆ ನನಗೂ ಪೂರ್ತಿ ನಂಬಿಕೆಯಿರಲಿಲ್ಲ. ಶೆಡ್ಡಿನ ಬಾಗಿಲು ಸಮುದ್ರದ ಕಡೆಗೇ ಇದೆ. ಹೋಗಿ ಎರಡೂ ರೆಕ್ಕೆ ತೆರೆದೆ. ಕಬ್ಬಿಣದ ಅಗುಳಿಯಿಂದ ಕೈ ತೆಗೆದು ಬೆನ್ನ ಹಿಂದೆ ಕಟ್ಟಿಕೊಂಡೆ.

"ಹಂದಿ" ಅಂದೆ.

ರೂಬೆನ್ ಕಣ್ಣು ಮುಚ್ಚಿಕೊಂಡ.

"ಹಂದಿ. ಹಂದಿ. ಕೇಳ್ತಾ ನಿಂಗೆ?" ಎಂದು ಸಮುದ್ರಕ್ಕೇ ಕೇಳಿದೆ. "ನನ್ನ ಹತ್ರ ತಗೊಂಡು ಹೋಗೋಕೆ ಇನ್ನು ಇವನೊಬ್ಬ ಉಳಿದಿದಾನೆ. ಇವನನ್ನ ನಾನು ಕೊಡಲ್ಲ."

ಸಮುದ್ರ ತನ್ನ ಪಾಡಿಗೆ ಮರಳು ನೆಕ್ಕುತ್ತಿತ್ತು. ಎಮಿಲಿಯ ಹೊಟ್ಟೆಯ ಕೆಳಗಿನಿಂದ ಮಿಸ್ ಪೆನ್‌ರೋಸ್‌ಳ ತಲೆ ಹೊರಬಂತು, ಕೂದಲ ತುಂಬ ಮರದ ಹುಡಿ.

"ಹಂದಿನಾ?" ಎಂದಳು. "ನಿನ್ನೆಯಿಂದ ಡೆನ್ಮಾರ್ಕಿನವರಿಗೆ ಐದು ಸಲ ಫೋನ್ ಮಾಡಿದೀನಿ ನಾನು."

ನನಗೆ ನಗು ಬಂತು. ಬಂದ ನಗು ನಿಲ್ಲಲಿಲ್ಲ, ನಗುತ್ತ ನಗುತ್ತ ಅಳುವಾಯಿತು. ರೂಬೆನ್ ಎದ್ದು ಬಂದು, ಏನು ಮಾಡಬೇಕೆಂದು ತೋಚದೆ, ನನ್ನ ಬೆನ್ನು ತಟ್ಟಿದ, ದೋಣಿಯ ಹಲಗೆ ಗಟ್ಟಿಯಿದೆಯೇ ಎಂದು ನೋಡುವವರ ಹಾಗೆ. ಆಮೇಲೆ ಕಾಗದ ಕೇಳಿದ.

ಬರೆಯಲು ಮುಕ್ಕಾಲು ಗಂಟೆ ತೆಗೆದುಕೊಂಡ. ನಾಲ್ಕು ಗಂಟೆಯ ಬಸ್ಸು ಹೋಯಿತು, ಮಿಸ್ ಪೆನ್‌ರೋಸ್ ಕದಲಲಿಲ್ಲ. ಬರೆದದ್ದನ್ನು ಅವಳು ಓದಿ, ಸುಮ್ಮನೆ ನನ್ನ ಕೈಗೆ ಕೊಟ್ಟಳು. ಹತ್ತು ಜನ ಮತ್ತು ಒಂದು ಹಂದಿ, ಎಣಿಕೆಯ ತಪ್ಪು ತನ್ನದು ಎಂದು ರೂಬೆನ್ ಬರೆದಿದ್ದ. ಅದರ ಕೆಳಗೆ: "ಅಡುಗೆಯವನನ್ನೂ ಹಂದಿಯನ್ನೂ ತಂದವನು ನನ್ನ ತಮ್ಮ ಮ್ಯಾಟ್ ಹ್ಯಾಕ್ಸ್‌ಬಿ. ನನ್ನ ಅಪ್ಪಣೆಯಿಲ್ಲದೆ ಒಡೆದ ಹಡಗಿಗೆ ಹಾರಿದ. ಎಮಿಲಿಯಲ್ಲಿ ನಾನು ಕಂಡ ಎಲ್ಲ ಕೆಲಸಗಳಲ್ಲಿ ಅದಕ್ಕಿಂತ ದೊಡ್ಡದನ್ನು ಕಾಣೆ. ಹಂದಿಯ ಮಾತು ಬರುತ್ತದೆಂದು ಇದನ್ನು ಎಲ್ಲೂ ಬರೆಸಲಿಲ್ಲ." ಆ ದಿನದ ಹಳೆಯ ವರದಿಯಲ್ಲಿ ಮ್ಯಾಟ್‌ನ ಹೆಸರು ಇರಲೇ ಇಲ್ಲ, ಎಂಟು ಜನ ಎಂದಿತ್ತು, ಅಷ್ಟೆ. ನನ್ನ ಗಂಡನ ಹೆಸರು ಆ ದೋಣಿಯ ಚರಿತ್ರೆಯಲ್ಲಿ ಬಂದದ್ದು ಅದೇ ಮೊದಲು.

ಎಮಿಲಿ ಪಟ್ಟಿ ಸೇರಿದಳು, ಅರವತ್ತೆರಡು ಜೀವ ಮತ್ತು ಒಂದು ಹಂದಿಯ ಜೊತೆ. ಮಿಸ್ ಪೆನ್‌ರೋಸ್ ಶನಿವಾರವೇ ಬಂದರಿನವರಿಗೆ ಕಾಗದ ತಲುಪಿಸಿದ್ದಳು. ಅದನ್ನು ಗರಗಸದವನಿಗೆ ತಿಳಿಸುವುದನ್ನು ಅವರು ಮರೆತಿದ್ದರು, ಅವನು ಸೋಮವಾರ ಎಂಟಕ್ಕೆ ಸರಿಯಾಗಿ ಬಂದ. ಚಹಾ ಕೊಟ್ಟು, ಎಮಿಲಿಯನ್ನು ತೋರಿಸಿ, ಇದನ್ನು ಕೊಯ್ಯಲು ಬಂದೆಯಲ್ಲ, ನೀನು ಹೊಟ್ಟೆಗೇನು ತಿನ್ನುತ್ತೀಯ ಎಂದು ವಿಚಾರಿಸಿ ಕಳಿಸಿದೆ. ಈಗ ದೋಣಿಮನೆಯ ಹಲಗೆಯ ಮೇಲೆ ಹನ್ನೊಂದನ್ನು ತಿದ್ದಿ ಹತ್ತು ಮಾಡಿ, ಪಕ್ಕದಲ್ಲಿ ಹಂದಿಯನ್ನೂ ಮ್ಯಾಟ್‌ನನ್ನೂ ಬರೆಸಿದ್ದೇವೆ. ಊರಿನವರು ಓದುವಾಗ ಒಂದು ಕೈ ಬಾಗಿಲಿನ ಕಬ್ಬಿಣದ ಚಿಲಕದ ಮೇಲೆ ಇಟ್ಟುಕೊಂಡೇ ಓದುತ್ತಾರೆ.

ಆ ಭಾನುವಾರ ಊಟಕ್ಕೆ ಬಾ ಎಂದು ರೂಬೆನ್‌ಗೆ ಹೇಳಿದ್ದೆ. ಹನ್ನೆರಡಕ್ಕೆ ಬಂದ. ಟೈ ಕಟ್ಟಿದ್ದ. ಹೊಸ್ತಿಲ ಮೇಲೆ ಸ್ವಲ್ಪ ನಿಂತು, ಬೂಟು ಬಿಚ್ಚಿ, ದಾರಿ ಗೊತ್ತಿರುವವನ ಹಾಗೆ ಮೊಗಸಾಲೆ ದಾಟಿ ಎಡಕ್ಕೆ ತಿರುಗಿ, ಬಾಗಿಲು ತೆಗೆದ. ಒಳಗೆ ನನ್ನ ಹಳೆಯ ಕೋಟುಗಳು ನೇತಾಡುತ್ತಿದ್ದವು. ಅವುಗಳ ಎದುರಿಗೆ ಹಾಗೇ ನಿಂತ.

"ಇಲ್ಲಿ ಅಡುಗೆಮನೆ ಇತ್ತಲ್ಲ" ಎಂದ.

"ಎಪ್ಪತ್ನಾಲ್ಕರಲ್ಲಿ ಹಿಂದಕ್ಕೆ ಹಾಕಿಸ್ದೆ" ಎಂದೆ. "ಬಾ, ತೋರಿಸ್ತೀನಿ."